ಸಂಗೀತ ಮತ್ತು ಜೂಜಿನ ನಡವಳಿಕೆ: ವಿದೇಶದ ಸಂಶೋಧನಾ ಭೇಟಿಯೊಂದರ ಉದ್ದೇಶ ಮತ್ತು ವ್ಯಾಪ್ತಿ

1. ಪ್ರವೇಶ

ಜೂಜನ್ನು ಕುರಿತ ನಮ್ಮ ಚರ್ಚೆ ಸಾಮಾನ್ಯವಾಗಿ ಎರಡು ನೆಲೆಗಳಿಂದ ನಡೆಯುತ್ತದೆ. ಒಂದು ನೀತಿಯ ನೆಲೆ. ಸಪ್ತವ್ಯಸನಗಳಲ್ಲಿ ಜೂಜೂ ಒಂದು, ಅದು ಮನೆತನವನ್ನು ಹಾಳುಮಾಡುತ್ತದೆ ಎಂಬ ತಿಳಿವಳಿಕೆ ಇಲ್ಲಿಯದು. ಎರಡನೆಯದು ಕಾನೂನಿನ ನೆಲೆ. ಯಾವ ಆಟ ಕೌಶಲದ್ದು, ಯಾವುದು ಕೇವಲ ಅದೃಷ್ಟದ್ದು ಎಂಬ ವಿವೇಚನೆ ಇಲ್ಲಿ ಮುಖ್ಯವಾಗುತ್ತದೆ. ಆಡುತ್ತಿರುವ ಹೊತ್ತಿನಲ್ಲಿ ಆಡುವವನ ಕಿವಿಗೆ ಏನು ಕೇಳಿಸುತ್ತಿದೆ, ಆ ನಾದ ಅವನ ಕೈಯನ್ನು ಹೇಗೆ ನಡೆಸುತ್ತದೆ ಎಂಬ ಪ್ರಶ್ನೆಗೆ ಈ ಎರಡೂ ನೆಲೆಗಳಲ್ಲಿ ಜಾಗ ಕಡಿಮೆ. ಕಳೆದ ಎರಡು ದಶಕಗಳಲ್ಲಿ ಇಂಗ್ಲೆಂಡ್ ಮತ್ತು ಕೆನಡಾ ದೇಶಗಳ ಕೆಲವು ವಿಶ್ವವಿದ್ಯಾಲಯಗಳು ಈ ಪ್ರಶ್ನೆಯನ್ನೇ ಪ್ರಯೋಗಕ್ಕೆ ಒಳಪಡಿಸಿವೆ.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನು ಕ್ಷೇತ್ರವಾಗಿ ಆರಿಸಿಕೊಂಡ ಸಂಶೋಧಕರೊಬ್ಬರು ಇಂತಹ ವಿಶ್ವವಿದ್ಯಾಲಯಗಳಿಗೆ ಅಧ್ಯಯನಕ್ಕಾಗಿ ಹೋಗುವುದಾದರೆ ಅಲ್ಲಿಂದ ಏನನ್ನು ಕಲಿಯಬಹುದು, ಇಲ್ಲಿಂದ ಯಾವ ಪ್ರಶ್ನೆಗಳನ್ನು ಹೊತ್ತು ಹೋಗಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಾಲ್ಕು ತಾಲ್ಲೂಕುಗಳಿಗೆ ಸಮೃದ್ಧವಾದ ನಾದ ಪರಂಪರೆಯಿದೆ. ಆ ಪರಂಪರೆಯಲ್ಲಿ ಗೆಲುವಿಗೊಂದು ದನಿ, ಸೋಲಿಗೊಂದು ದನಿ ಎಂಬ ಭೇದ ಸ್ಪಷ್ಟವಾಗಿದೆ. ಇಂದಿನ ಜೂಜಿನ ಯಂತ್ರ ಅಳಿಸಿಹಾಕುವುದು ಈ ಭೇದವನ್ನೇ. ಮುಂದಿನ ಚರ್ಚೆಯೆಲ್ಲ ಈ ಒಂದು ಅಂಶದ ಸುತ್ತ ನಡೆಯುತ್ತದೆ.

2. ದಾಳದ ದನಿ: ಪರಂಪರೆಯ ಸಾಕ್ಷ್ಯ

ನಾದಕ್ಕೂ ಜೂಜಿಗೂ ಇರುವ ನಂಟು ಆಧುನಿಕ ಮನೋವಿಜ್ಞಾನದ ಆವಿಷ್ಕಾರವೇನಲ್ಲ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಜೂಜುಗಾರನೊಬ್ಬನ ಅಳಲಾಗಿದೆ. ಅಂದು ದಾಳಗಳಾಗಿ ಬಳಕೆಯಾಗುತ್ತಿದ್ದುದು ತಾರೆಮರದ ಕಾಯಿಗಳು. ಇನ್ನು ಆಡಲಾರೆ ಎಂದು ನಿಶ್ಚಯಿಸಿದವನು, ನೆಲಕ್ಕೆ ಬಿದ್ದ ಕಾಯಿಗಳ ಸದ್ದು ಕೇಳಿದೊಡನೆ ಸಂಕಲ್ಪ ಸಡಿಲಗೊಂಡು ಅತ್ತ ನಡೆದುಬಿಡುವ ಚಿತ್ರ ಅಲ್ಲಿದೆ. ಇಂದಿನ ಮನೋವಿಜ್ಞಾನಿಗಳು ಯಾವುದನ್ನು ಚಟದ 'ಸೂಚಕ' ಎಂದು ಕರೆಯುತ್ತಾರೋ, ಅಂದರೆ ಕಂಡ ಅಥವಾ ಕೇಳಿದ ಮಾತ್ರಕ್ಕೆ ಹಂಬಲವನ್ನು ಎಬ್ಬಿಸುವ ಸಂಗತಿ, ಅದರ ಅತಿ ಪ್ರಾಚೀನ ನಿರೂಪಣೆಗಳಲ್ಲಿ ಇದೂ ಒಂದು ಎನ್ನಬಹುದು. ಜೂಜನ್ನು ಬಿಟ್ಟು ಹೊಲ ಉಳು ಎಂಬ ಬುದ್ಧಿಮಾತು ಸೂಕ್ತದ ಕೊನೆಯ ಭಾಗದಲ್ಲಿ ಬರುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರ ಜೂಜನ್ನು ಆಡಳಿತದ ವಿಷಯವಾಗಿ ಕಾಣುತ್ತದೆ. ದ್ಯೂತಾಧ್ಯಕ್ಷನೆಂಬ ಅಧಿಕಾರಿ, ಆಟಕ್ಕೆ ಗೊತ್ತುಪಡಿಸಿದ ಸ್ಥಳ, ಗೆದ್ದ ಹಣದಲ್ಲಿ ನೂರಕ್ಕೆ ಐದರ ಪಾಲು ಇವು ಅಲ್ಲಿನ ವ್ಯವಸ್ಥೆ. ಕರ್ನಾಟಕದ ಮಟ್ಟಿಗೆ ಹೆಚ್ಚು ಮಹತ್ವದ ಆಕರವೆಂದರೆ 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ರಚಿಸಿದ 'ಮಾನಸೋಲ್ಲಾಸ'. ಗೀತ, ವಾದ್ಯ, ನೃತ್ಯಗಳನ್ನು ವಿವರಿಸುವ ಆ ಗ್ರಂಥವೇ ಕೋಳಿಕಾಳಗವನ್ನೂ ಕವಡೆ ಮತ್ತು ದಾಳಗಳ ಆಟವನ್ನೂ ವಿವರಿಸುತ್ತದೆ. ಅರಮನೆಯ ವಿನೋದಗಳ ಸಾಲಿನಲ್ಲಿ ಸಂಗೀತವೂ ಪಣದ ಆಟವೂ ನೆರೆಹೊರೆಯಾಗಿದ್ದವು ಎಂಬುದಕ್ಕೆ ಇದು ಸಾಕ್ಷಿ.

ಕನ್ನಡಿಗರ ಮನಸ್ಸಿನಲ್ಲಿ ಜೂಜು ಎಂದೊಡನೆ ಮೂಡುವುದು ಭಾರತದ ದ್ಯೂತಪ್ರಸಂಗ. ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಅದನ್ನು ನಿರೂಪಿಸಿದ್ದಾರೆ. ಈ ಲೇಖನದ ದೃಷ್ಟಿಯಿಂದ ಅದರಲ್ಲಿ ಎರಡು ಅಂಶಗಳು ಮುಖ್ಯ. ಮೊದಲನೆಯದು, ವ್ಯಾಸಭಾರತದಲ್ಲಿ ಪ್ರತಿ ಪಣದ ಬಳಿಕವೂ ತಾನು ಗೆದ್ದೆನೆಂದು ಶಕುನಿ ಸಾರುವ ಮಾತು ಪಲ್ಲವಿಯಂತೆ ಮರಳಿ ಮರಳಿ ಬರುತ್ತದೆ. ಆಟ ಮೋಸದ್ದಾದರೂ ಸೋಲಿನ ಘೋಷಣೆಯಲ್ಲಿ ಮೋಸವಿಲ್ಲ. ಧರ್ಮರಾಯ ಸೋತಾಗಲೆಲ್ಲ ಸೋತೆನೆಂಬುದು ಅವನಿಗೂ ಸಭೆಗೂ ಕೇಳಿಸುತ್ತದೆ. ಎರಡನೆಯದು ಈ ಪ್ರಸಂಗ ಜನರ ಕಿವಿಗೆ ತಲುಪಿದ ಬಗೆ. ಗಮಕದಲ್ಲಿ ಕಾವ್ಯವನ್ನು ರಾಗದಲ್ಲಿ ಓದುತ್ತಾರಾದರೂ ತಾಳದ ಕಟ್ಟಿಗೆ ಒಳಪಡಿಸುವುದಿಲ್ಲ. ಪದ್ಯ ಮುಗಿದೊಡನೆ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಹೀಗಾಗಿ ಒಂದು ಪಣಕ್ಕೂ ಮತ್ತೊಂದು ಪಣಕ್ಕೂ ನಡುವೆ ಯೋಚನೆಗೆ ಎಡೆ ದೊರೆಯುತ್ತದೆ. ಕಥೆಯೊಳಗಿನ ಆಟಗಾರನಿಗೆ ಸಿಗದ ಬಿಡುವು ಕೇಳುಗರಿಗೆ ಸಿಗುತ್ತದೆ.

3. ನಾಲ್ಕು ತಾಲ್ಲೂಕುಗಳ ನಾದಲೋಕ

ಕನ್ನಡ ತೆಲುಗುಗಳೆರಡೂ ಬೆರೆತ ಈ ಸೀಮೆಯ ಸ್ಥಳಪುರಾಣಗಳಿಗೂ ಭಾರತದ ಕಥೆಗೂ ಹತ್ತಿರದ ಸಂಬಂಧವಿದೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ, ವಿದುರ ನೆಟ್ಟ ಅಶ್ವತ್ಥವೃಕ್ಷದಿಂದ ಹೆಸರು ಪಡೆಯಿತೆಂಬುದು ಪ್ರತೀತಿ. ಹಸ್ತಿನಾವತಿಯ ಸಭೆಯಲ್ಲಿ ಜೂಜು ಬೇಡವೆಂದು ಎಚ್ಚರಿಸಿದವನು ಈ ವಿದುರನೇ. ಚಿಂತಾಮಣಿ ತಾಲ್ಲೂಕಿನ ಕೈವಾರವನ್ನು ಪಾಂಡವರು ಅಜ್ಞಾತರಾಗಿ ತಂಗಿದ್ದ ಏಕಚಕ್ರನಗರವೆಂದು ಜನ ನಂಬುತ್ತಾರೆ. ಅದೇ ಕೈವಾರ ನಾರಾಯಣ ತಾತಯ್ಯನವರ ಕ್ಷೇತ್ರವೂ ಹೌದು. ಕನ್ನಡ ತೆಲುಗುಗಳೆರಡರಲ್ಲೂ ರಚಿತವಾದ ಅವರ ತತ್ತ್ವಪದಗಳನ್ನು ಊರೂರಿನ ಭಜನಾ ಮಂಡಳಿಗಳು ಹಾಡುತ್ತವೆ. ಗುರುಪೂರ್ಣಿಮೆಯ ಸಂದರ್ಭದಲ್ಲಿ ಅಲ್ಲಿ ಹಗಲಿರುಳೂ ಸಂಗೀತೋತ್ಸವ ನಡೆಯುತ್ತದೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ಶಿವರಾತ್ರಿಯ ಸಮಯದಲ್ಲಿ ರಥೋತ್ಸವವಾಗುತ್ತದೆ.

ಈ ಪ್ರದೇಶದ ಆಟದ ಪರಂಪರೆಯಲ್ಲಿ ಕೇಳಿಕೆ ಮತ್ತು ಪೌರಾಣಿಕ ನಾಟಕಗಳಿಗೆ ವಿಶೇಷ ಸ್ಥಾನವಿದೆ. ಮೂಡಲಪಾಯದ ಬಯಲಾಟಕ್ಕೆ ಸೇರಿದ ಕೇಳಿಕೆಯಲ್ಲಿ ಮದ್ದಳೆ ತಾಳಗಳೊಂದಿಗೆ ಭಾಗವತರ ಹಾಡುಗಾರಿಕೆ ನಡೆದರೆ, ಆನಂತರ ಜನಪ್ರಿಯವಾದ ಪೌರಾಣಿಕ ನಾಟಕಗಳಲ್ಲಿ ಹಾರ್ಮೋನಿಯಂ ಮುಂದಾಳಾಗುತ್ತದೆ. ದ್ರೌಪದಿಯ ವಸ್ತ್ರಾಪಹರಣದಂತಹ ಪ್ರಸಂಗಗಳಲ್ಲಿ ಪಂಥದ ಮಾತುಗಳಿಗೆ ಬಿರುಸಿನ ನಡೆಯೂ ಸೋತವರ ಅಳಲಿಗೆ ನಿಧಾನದ ಶೋಕದ ಹಾಡೂ ಒದಗುತ್ತವೆ. ನಾಟಕದ ಕಥೆ ಗೊತ್ತಿಲ್ಲದ ಮಗುವೂ ಹಾಡಿನ ಗತಿಯಿಂದಲೇ ಯಾರಿಗೋ ಕೇಡಾಯಿತೆಂದು ತಿಳಿಯುತ್ತದೆ.

ತಮಟೆಯ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯವಾಗುತ್ತದೆ. ವೃತ್ತಾಕಾರದ ಚೌಕಟ್ಟಿಗೆ ಬಿಗಿದ ಚರ್ಮವನ್ನು ಬೆಂಕಿಯ ಕಾವಿಗೆ ಹಿಡಿದು ಹದಗೊಳಿಸಿ ಎರಡು ಕೋಲುಗಳಿಂದ ನುಡಿಸುವ ಈ ವಾದ್ಯ, ಜಾತ್ರೆಗೂ ಕರಗಕ್ಕೂ ಸಾವಿಗೂ ಸಲ್ಲುತ್ತದೆ. ಪ್ರತಿ ಸಂದರ್ಭಕ್ಕೂ ಬಡಿತ ಬೇರೆ. ದೂರದ ಹೊಲದಲ್ಲಿರುವವನು ಬಡಿತವನ್ನು ಕೇಳಿಯೇ ಊರಿನಲ್ಲಿ ನಡೆಯುತ್ತಿರುವುದು ಮೆರವಣಿಗೆಯೋ ಶವಯಾತ್ರೆಯೋ ಎಂದು ಹೇಳಬಲ್ಲ. ಒಂದು ಸಮುದಾಯದ ಮೇಲೆ ಊರು ಹೇರಿದ ದುಡಿಮೆಯಾಗಿ ತಲೆಮಾರುಗಳ ಕಾಲ ಉಳಿದಿದ್ದ ಈ ವಿದ್ಯೆಗೆ ಕಲೆಯ ಮನ್ನಣೆ ದೊರೆತದ್ದು ತಡವಾಗಿ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ತಮಟೆಯ ನಾದ ಘಟನೆಗೆ ಸಾಕ್ಷಿಯಾಗುತ್ತದೆ. ಸಾವಿನ ಮನೆಯ ಮುಂದೆ ಹಬ್ಬದ ಬಡಿತ ಬಾರಿಸುವವರಿಲ್ಲ. ಈ ಮಾತನ್ನು ಮುಂದಿನ ಭಾಗಗಳಿಗಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಜೂಜು. ಹಳೆಯ ಮೈಸೂರು ಸೀಮೆಯ ಹಲವೆಡೆ ಯುಗಾದಿಯ ದಿನಗಳಲ್ಲಿ ಹಣವಿಟ್ಟು ಇಸ್ಪೀಟು ಆಡುವ ರೂಢಿಯಿದೆ. ಹೊಸತೊಡಕಿನ ಊಟದಷ್ಟೇ ಅದೂ ಹಬ್ಬದ ಅಂಗವೆಂದು ಭಾವಿಸುವವರಿದ್ದಾರೆ. ಅಂದರ್ ಬಾಹರ್ ಅಂತಹ ಆಟಗಳಲ್ಲೊಂದು. ಈ ರೂಢಿ ಕಾನೂನಿಗೆ ವಿರುದ್ಧವಾದದ್ದು, ಅನೇಕ ಮನೆಗಳಿಗೆ ನಷ್ಟ ತಂದದ್ದು. ಆದರೂ ಅದಕ್ಕೆ ಪಂಚಾಂಗದ ಮಿತಿಯೊಂದಿತ್ತು, ಸುತ್ತ ಕುಳಿತವರ ಕಣ್ಣಿನ ಕಾವಲೂ ಇತ್ತು. ಕೈಯಲ್ಲಿರುವ ಮೊಬೈಲ್ ಫೋನಿಗೆ ಇವೆರಡೂ ಇಲ್ಲ.

ಅನಿಶ್ಚಿತತೆಯೆಲ್ಲವೂ ಜೂಜಲ್ಲ ಎಂಬ ಎಚ್ಚರವೂ ಇಲ್ಲಿ ಅಗತ್ಯ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತಂದ ರೈತನಿಗೆ ಆ ದಿನದ ದರ ಮೊದಲೇ ಗೊತ್ತಿರುವುದಿಲ್ಲ. ಕೊಳವೆಬಾವಿ ಕೊರೆಸುವವನಿಗೆ ನೀರು ಸಿಗುವ ಭರವಸೆಯಿಲ್ಲ. ಬಾವಿ ಕೊರೆಸುವುದು ಜೂಜಾಟವಿದ್ದಂತೆ ಎಂದು ರೈತರು ಆಡಿಕೊಳ್ಳುವುದುಂಟು. ಆದರೆ ರೈತನ ಅಪಾಯದ ಹಿಂದೆ ದುಡಿಮೆಯಿದೆ, ಫಲ ಬಂದರೆ ಅದು ಉತ್ಪನ್ನವಾಗಿ ಬರುತ್ತದೆ. ಜೂಜಿನಲ್ಲಿ ಒಬ್ಬನ ಸೋಲೇ ಇನ್ನೊಬ್ಬನ ಗಳಿಕೆ. ಅದೃಷ್ಟದ ಮಾತು ದಿನಬಳಕೆಯಲ್ಲಿರುವ ಇಂತಹ ಸಮಾಜದಲ್ಲಿ ಜೂಜಿನ ಅಧ್ಯಯನ ಕೈಗೊಳ್ಳುವವರು ಈ ಎರಡನ್ನೂ ಬೇರ್ಪಡಿಸಿ ನೋಡಬೇಕಾಗುತ್ತದೆ.

4. ನಾಟಿಂಗ್‌ಹ್ಯಾಮಿನ ಪ್ರಯೋಗ: ಕಾಲಪ್ರಮಾಣ ಮತ್ತು ಕೈಯ ವೇಗ

ಸಂಗೀತ ಮನುಷ್ಯನ ವ್ಯವಹಾರದ ವೇಗವನ್ನು ಬದಲಿಸಬಲ್ಲದೆಂಬ ಅನುಮಾನ ಮೊದಲು ಪರೀಕ್ಷೆಗೆ ಒಳಗಾದದ್ದು ಅಂಗಡಿಗಳಲ್ಲಿ. ಅಮೆರಿಕದ ರೊನಾಲ್ಡ್ ಮಿಲಿಮನ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಕೆಲವು ದಿನ ನಿಧಾನಗತಿಯ, ಕೆಲವು ದಿನ ವೇಗಗತಿಯ ಸಂಗೀತವನ್ನು ಹಾಕಲಾಗಿತ್ತು. ನಿಮಿಷಕ್ಕೆ 72 ಅಥವಾ ಅದಕ್ಕಿಂತ ಕಡಿಮೆ ಬಡಿತವಿದ್ದರೆ ನಿಧಾನ, 94 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗ ಎಂಬುದು ಅವರ ವಿಂಗಡಣೆ. ನಿಧಾನ ಸಂಗೀತದ ದಿನಗಳಲ್ಲಿ ಗಿರಾಕಿಗಳ ನಡಿಗೆ ನಿಧಾನವಾಯಿತು, ಮಾರಾಟ ಶೇ. 38.2ರಷ್ಟು ಹೆಚ್ಚಿತ್ತು. ನಮ್ಮ ಸಂಗೀತಶಾಸ್ತ್ರದ ವಿಳಂಬ, ಮಧ್ಯ, ದ್ರುತ ಕಾಲಗಳನ್ನು ಬಲ್ಲವರಿಗೆ ಈ ವಿಂಗಡಣೆ ಅಪರಿಚಿತವೆನಿಸದು.

ಜೂಜಿನ ಸಂದರ್ಭದಲ್ಲಿ ಇದನ್ನು ಪರೀಕ್ಷಿಸಿದವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು. ಜೂಜಿನ ಮನೋವಿಜ್ಞಾನದಲ್ಲಿ ಹೆಸರಾದ ಮಾರ್ಕ್ ಗ್ರಿಫಿತ್ಸ್, ಲಾರಾ ಡಿಕ್ಸನ್ ಮತ್ತು ರಿಚರ್ಡ್ ಟ್ರಿಗ್ ಅವರೊಂದಿಗೆ 2007ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಅರವತ್ತು ಮಂದಿ ಗಣಕಯಂತ್ರದ ಮೇಲೆ ರೂಲೆಟ್ ಚಕ್ರದ ಆಟವನ್ನು ಆಡಿದರು. ಒಂದು ಗುಂಪಿಗೆ ಸಂಗೀತವಿಲ್ಲ, ಒಂದಕ್ಕೆ ನಿಧಾನ ಸಂಗೀತ, ಮತ್ತೊಂದಕ್ಕೆ ವೇಗದ ಸಂಗೀತ. ವೇಗದ ಸಂಗೀತ ಕೇಳುತ್ತಿದ್ದವರು ಪಣಗಳನ್ನು ಬೇಗಬೇಗ ಒಡ್ಡಿದರು. ಒಂದೊಂದು ಪಣಕ್ಕೆ ಇಟ್ಟ ಮೊತ್ತದಲ್ಲಾಗಲಿ ಒಟ್ಟು ಖರ್ಚಿನಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ಗ್ರಿಫಿತ್ಸ್ ಅವರೇ ಸಹೋದ್ಯೋಗಿಗಳೊಂದಿಗೆ ನಡೆಸಿದ ಇನ್ನೊಂದು ಪ್ರಾಯೋಗಿಕ ಅಧ್ಯಯನ ಬೆಳಕನ್ನೂ ಸೇರಿಸಿಕೊಂಡಿತು. ವೇಗದ ಸಂಗೀತ ಮತ್ತು ಕೆಂಪು ಬೆಳಕು ಕೂಡಿದಾಗ ಪಣದ ವೇಗ ಹೆಚ್ಚಿತು.

ಮೊತ್ತ ಬದಲಾಗದಿದ್ದರೆ ವೇಗ ಹೆಚ್ಚಿದ ಮಾತ್ರಕ್ಕೆ ಆಗುವ ನಷ್ಟವೇನು ಎಂಬ ಪ್ರಶ್ನೆ ಸಹಜ. ಒಂದು ಲೆಕ್ಕದಿಂದ ಇದನ್ನು ವಿವರಿಸಬಹುದು. ಐರೋಪ್ಯ ಮಾದರಿಯ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ. ಅದರ ಲೆಕ್ಕಾಚಾರದಂತೆ ದೀರ್ಘಾವಧಿಯಲ್ಲಿ ಪ್ರತಿ ನೂರು ರೂಪಾಯಿ ಪಣಕ್ಕೆ ಸುಮಾರು 2 ರೂಪಾಯಿ 70 ಪೈಸೆ ಆಟ ನಡೆಸುವವನ ಪಾಲಾಗುತ್ತದೆ. ಹತ್ತು ರೂಪಾಯಿಯ ಪಣವನ್ನು 30 ಸೆಕೆಂಡಿಗೊಮ್ಮೆ ಇಡುವವನು ಗಂಟೆಗೆ 120 ಬಾರಿ ಆಡಿ 1,200 ರೂಪಾಯಿ ಒಡ್ಡುತ್ತಾನೆ, ಸರಾಸರಿ 32 ರೂಪಾಯಿ ಕಳೆದುಕೊಳ್ಳುತ್ತಾನೆ. ಅದೇ ಪಣವನ್ನು 20 ಸೆಕೆಂಡಿಗೊಮ್ಮೆ ಇಟ್ಟರೆ 180 ಆಟ, 1,800 ರೂಪಾಯಿ ಪಣ, ಸರಾಸರಿ ನಷ್ಟ ಸುಮಾರು 49 ರೂಪಾಯಿ. ಆಟ ಬದಲಾಗಿಲ್ಲ, ಪಣ ಬದಲಾಗಿಲ್ಲ, ಅದೃಷ್ಟವೂ ಬದಲಾಗಿಲ್ಲ. ಬದಲಾದದ್ದು ಕಾಲ ಮಾತ್ರ. ಕೂತು ಆಡುವ ಅವಧಿ ಒಂದೇ ಆಗಿದ್ದರೆ ಕೈಯ ವೇಗವೇ ಸೋಲಿನ ಪ್ರಮಾಣವನ್ನು ನಿರ್ಧರಿಸುತ್ತದೆ.

ಈ ಪ್ರಯೋಗಗಳ ಮಿತಿಗಳೂ ಗಮನಾರ್ಹ. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಪ್ರಯೋಗಾಲಯದ ಆಟ ನಿಜವಾದ ಜೂಜುಕಟ್ಟೆಯಲ್ಲ. ಸಂಗೀತ ಕೇಳಿದವರು ಜೂಜುಗಾರರಾಗುತ್ತಾರೆಂದು ಇವು ಹೇಳುವುದಿಲ್ಲ. ಒಂದು ಬಗೆಯ ನಾದ ಒಂದು ಬಗೆಯ ಆಟದ ವೇಗವನ್ನು ಪ್ರಭಾವಿಸಿತು ಎಂಬಷ್ಟು ಮಾತ್ರ ಇವುಗಳಿಂದ ಸಿದ್ಧವಾಗುತ್ತದೆ. ಸಂಶೋಧನೆಯಲ್ಲಿ ಇಂತಹ ಮಿತವಾದ ಹೇಳಿಕೆಗೇ ಬೆಲೆ.

5. ವಾಟರ್‌ಲೂ ಅಧ್ಯಯನ: ಗೆಲುವಿನ ವೇಷ ತೊಟ್ಟ ಸೋಲು

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮೈಕ್ ಡಿಕ್ಸನ್, ಕೆವಿನ್ ಹ್ಯಾರಿಗನ್ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡದ್ದು ಸ್ಲಾಟ್ ಯಂತ್ರಗಳ ಸದ್ದನ್ನು. ಈ ಯಂತ್ರಗಳ ಹೊಸ ಮಾದರಿಗಳಲ್ಲಿ ಒಂದೇ ಸುತ್ತಿನಲ್ಲಿ ಅನೇಕ ಸಾಲುಗಳ ಮೇಲೆ ಪಣ ಇಡಬಹುದು. ಇಪ್ಪತ್ತು ಸಾಲುಗಳಿಗೆ ತಲಾ ಒಂದು ರೂಪಾಯಿಯಂತೆ 20 ರೂಪಾಯಿ ಇಟ್ಟವನಿಗೆ ಒಂದು ಸಾಲಿನಲ್ಲಿ 6 ರೂಪಾಯಿ ಮರಳಿತೆನ್ನೋಣ. ಅವನು 14 ರೂಪಾಯಿ ಸೋತಿದ್ದಾನೆ. ಯಂತ್ರವಾದರೋ ಗಂಟೆಯ ನಾದ, ಗೆಲುವಿನ ರಾಗ, ಮಿನುಗುವ ದೀಪಗಳಿಂದ ಅವನನ್ನು ಅಭಿನಂದಿಸುತ್ತದೆ. ಇಂತಹ ಫಲಿತಾಂಶಕ್ಕೆ ಈ ಸಂಶೋಧಕರು 'ಗೆಲುವಿನ ವೇಷ ತೊಟ್ಟ ಸೋಲು' ಎಂಬರ್ಥದ ಹೆಸರನ್ನು ಬಳಸಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆಟಗಾರರ ಚರ್ಮದ ವಿದ್ಯುದ್ವಾಹಕತೆಯನ್ನು ಅಳೆಯಲಾಯಿತು. ಬೆವರಿನ ಸೂಕ್ಷ್ಮ ಬದಲಾವಣೆಯ ಮೂಲಕ ಮನಸ್ಸಿನ ಉದ್ರೇಕವನ್ನು ತಿಳಿಯುವ ವಿಧಾನವಿದು. ವೇಷದ ಸೋಲಿಗೆ ದೇಹ ತೋರಿದ ಪ್ರತಿಕ್ರಿಯೆ ನಿಜವಾದ ಗೆಲುವಿನದನ್ನು ಹೋಲುತ್ತಿತ್ತು. ನಿಚ್ಚಳ ಸೋಲಿನ ಪ್ರತಿಕ್ರಿಯೆಗಿಂತ ಅದು ಭಿನ್ನವಾಗಿತ್ತು. ಕಿಸೆಗೆ ನಷ್ಟವಾದದ್ದು ದೇಹಕ್ಕೆ ತಿಳಿಯಲೇ ಇಲ್ಲ.

ಆನಂತರ ಪ್ರಕಟವಾದ ಎರಡು ಅಧ್ಯಯನಗಳು ಸದ್ದಿನ ಪಾತ್ರವನ್ನು ಬೇರ್ಪಡಿಸಿ ತೋರಿಸಿದವು. ಮೊದಲನೆಯದರಲ್ಲಿ ಆಟಗಾರರು ಸದ್ದಿರುವ ಮತ್ತು ಸದ್ದಿಲ್ಲದ ಯಂತ್ರಗಳೆರಡರಲ್ಲೂ ಆಡಿದರು. ಬಳಿಕ ತಾವು ಎಷ್ಟು ಬಾರಿ ಗೆದ್ದೆವೆಂದು ಅಂದಾಜಿಸಿದರು. ಎರಡರಲ್ಲೂ ಅಂದಾಜು ವಾಸ್ತವಕ್ಕಿಂತ ಹೆಚ್ಚಾಗಿತ್ತು. ಸದ್ದಿಲ್ಲದಾಗ ಶೇ. 15ರಷ್ಟು, ಸದ್ದಿದ್ದಾಗ ಶೇ. 24ರಷ್ಟು. ಎರಡನೆಯ ಅಧ್ಯಯನ ನಮ್ಮ ಚರ್ಚೆಗೆ ಇನ್ನೂ ಹತ್ತಿರದ್ದು. ಅಲ್ಲಿ ವೇಷದ ಸೋಲಿಗೆ ಗೆಲುವಿನ ರಾಗದ ಬದಲು ಸೋಲನ್ನು ಸೂಚಿಸುವ ಸದ್ದನ್ನು ಜೋಡಿಸಲಾಯಿತು. ಆಗ ಹೆಚ್ಚಿನ ಆಟಗಾರರು ಅದನ್ನು ಸೋಲೆಂದೇ ಗುರುತಿಸಿದರು. ಪಣವೂ ಲೆಕ್ಕವೂ ಮೊದಲಿನಂತೆಯೇ ಇದ್ದವು. ಸೋಲಿಗೆ ಅದರದೇ ದನಿ ಮರಳಿ ಸಿಕ್ಕಿತು, ಅಷ್ಟೆ.

ತಮಟೆಯ ಬಡಿತವನ್ನೂ ನಾಟಕದ ಶೋಕದ ಹಾಡನ್ನೂ ಬಲ್ಲವರು ಈ ಫಲಿತಾಂಶವನ್ನು ಕಂಡು ಆಶ್ಚರ್ಯಪಡಲಾರರು. ಸೋಲಿಗೆ ಸೋಲಿನ ದನಿ ಇರಬೇಕೆಂಬುದು ಅವರ ಕಿವಿಗೆ ರೂಢಿಯಾದ ನ್ಯಾಯ. ಆದರೆ ರೂಢಿಯ ಅರಿವು ಬೇರೆ, ಪ್ರಮಾಣದಿಂದ ಸಿದ್ಧವಾದ ಅರಿವು ಬೇರೆ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ವಿಧಾನವೇ ವಿದೇಶದ ಪ್ರಯೋಗಾಲಯದಿಂದ ನಾವು ಪಡೆಯಬೇಕಾದ ವಿದ್ಯೆ.

6. ಕಾನೂನು ಮತ್ತು ಕಿವಿ

ಕರ್ನಾಟಕದಲ್ಲಿ ಜೂಜನ್ನು ನಿಯಂತ್ರಿಸುವ ಮುಖ್ಯ ಕಾನೂನು 1963ರ ಕರ್ನಾಟಕ ಪೊಲೀಸ್ ಅಧಿನಿಯಮ. 2007ರಲ್ಲಿ ರಾಜ್ಯ ಸರ್ಕಾರ ಲಾಟರಿಯನ್ನು ನಿಷೇಧಿಸಿತು. 2021ರಲ್ಲಿ ಪೊಲೀಸ್ ಅಧಿನಿಯಮಕ್ಕೆ ತಿದ್ದುಪಡಿ ತಂದು ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸಲಾಯಿತಾದರೂ, ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ಅಸಿಂಧುಗೊಳಿಸಿತು. 2025ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಆಟಗಳ ಅಧಿನಿಯಮ, ಕೌಶಲ ಮತ್ತು ಅದೃಷ್ಟ ಎಂಬ ಭೇದವನ್ನು ಬದಿಗಿಟ್ಟು, ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ಒದಗಿಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ.

ಬ್ರಿಟನ್ನಿನ ಹಾದಿ ಬೇರೆ. ಅಲ್ಲಿ ಪರವಾನಗಿ ಪಡೆದ ಜೂಜಿಗೆ ಅವಕಾಶವಿದೆ, ಅದರ ವಿನ್ಯಾಸದ ಮೇಲೆ ನಿಯಂತ್ರಣವಿದೆ. ಅಲ್ಲಿನ ಜೂಜು ಆಯೋಗ 2021ರಲ್ಲಿ ಜಾರಿಗೊಳಿಸಿದ ನಿಯಮಗಳ ಪ್ರಕಾರ ಆನ್‌ಲೈನ್ ಸ್ಲಾಟ್ ಆಟದ ಒಂದು ಸುತ್ತು ಕನಿಷ್ಠ 2.5 ಸೆಕೆಂಡು ಇರಬೇಕು. ಮರಳಿದ ಹಣ ಪಣಕ್ಕೆ ಸಮವಾಗಿದ್ದರೆ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಗೆಲುವಿನ ಭ್ರಮೆ ಹುಟ್ಟಿಸುವ ಸದ್ದನ್ನಾಗಲಿ ಚಿತ್ರವನ್ನಾಗಲಿ ಬಳಸುವಂತಿಲ್ಲ. ನಾಟಿಂಗ್‌ಹ್ಯಾಮಿನ ಅಧ್ಯಯನ ಎತ್ತಿದ ವೇಗದ ಪ್ರಶ್ನೆ, ವಾಟರ್‌ಲೂ ಅಧ್ಯಯನ ಎತ್ತಿದ ಸದ್ದಿನ ಪ್ರಶ್ನೆ ಎರಡೂ ಇಲ್ಲಿ ನಿಯಮದ ರೂಪ ತಾಳಿರುವುದನ್ನು ಕಾಣಬಹುದು.

ನಮ್ಮಲ್ಲಿ ಪೂರ್ಣ ನಿಷೇಧವೇ ಇರುವಾಗ ಸದ್ದಿನ ವಿಚಾರವೇಕೆ ಎಂದು ಕೇಳಬಹುದು. ಇದಕ್ಕೆ ಎರಡು ಸಮಾಧಾನಗಳಿವೆ. ನಿಷೇಧ ಆಟವನ್ನು ಒದಗಿಸುವವರನ್ನು ತಡೆಯುತ್ತದೆ, ಈಗಾಗಲೇ ಅಂಟಿದ ಅಭ್ಯಾಸಕ್ಕೆ ಅದು ಚಿಕಿತ್ಸೆಯಲ್ಲ. ಎರಡನೆಯದಾಗಿ, ಹಣದ ಪಣವಿಲ್ಲದ, ಮಕ್ಕಳೂ ಆಡುವ ಅನೇಕ ಮೊಬೈಲ್ ಆಟಗಳು ಇದೇ ಬಗೆಯ ಸದ್ದು, ಸುತ್ತುವ ಚಕ್ರ, ಬಹುಮಾನದ ಗಂಟೆಗಳನ್ನು ಬಳಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದ್ದು, ಜೂಜಿನ ವ್ಯಾಧಿ ಮತ್ತು ಡಿಜಿಟಲ್ ಆಟಗಳ ವ್ಯಾಧಿ ಎರಡನ್ನೂ ಚಟದ ನಡವಳಿಕೆಗಳ ಗುಂಪಿನಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗಾಗಿ 2014ರಲ್ಲಿಯೇ ವಿಶೇಷ ಚಿಕಿತ್ಸಾಲಯವನ್ನು ಆರಂಭಿಸಿತು. ಜಾತ್ರೆಯ ಸದ್ದು ಊರಿಗೆಲ್ಲ ಕೇಳಿಸುತ್ತದೆ. ಇಯರ್‌ಫೋನಿನ ಸದ್ದು ಪಕ್ಕದಲ್ಲಿ ಕುಳಿತ ತಾಯಿಗೂ ಕೇಳಿಸದು. ಯಾರ ಮನೆಯಲ್ಲಿ ಯಾರು ಸೋಲುತ್ತಿದ್ದಾರೆಂಬುದು ಸಾಲಗಾರರು ಬಾಗಿಲಿಗೆ ಬರುವವರೆಗೆ ತಿಳಿಯದಿರುವುದಕ್ಕೆ ಇದೂ ಒಂದು ಕಾರಣ.

7. ಭೇಟಿಯ ವಿಧಾನ

ಈ ಹಿನ್ನೆಲೆಯಲ್ಲಿ ವಿದೇಶದ ಸಂಶೋಧನಾ ಭೇಟಿಯೊಂದನ್ನು ಮೂರು ಹಂತಗಳಲ್ಲಿ ಯೋಜಿಸಬಹುದು.

ಮೊದಲ ಹಂತ ಹೊರಡುವ ಮುನ್ನ ಇಲ್ಲಿಯೇ ಆಗಬೇಕಾದದ್ದು. ನಾಲ್ಕು ತಾಲ್ಲೂಕುಗಳಲ್ಲಿ ಜಾತ್ರೆ, ಕರಗ, ನಾಟಕ, ಭಜನೆ, ಶವಯಾತ್ರೆ ಇವುಗಳ ವಾದನವನ್ನು ಧ್ವನಿಮುದ್ರಿಸಿ, ಪ್ರತಿಯೊಂದರ ನಿಮಿಷದ ಬಡಿತವನ್ನು ಎಣಿಸಿ ದಾಖಲಿಸಬೇಕು. ತಮಟೆಯ ಯಾವ ಬಡಿತ ಯಾವ ಸಂದರ್ಭಕ್ಕೆ ಸಲ್ಲುತ್ತದೆ ಎಂಬುದನ್ನು ಕಲಾವಿದರ ಬಾಯಿಂದಲೇ, ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು ಬರೆದುಕೊಳ್ಳಬೇಕು. ಬಡಿತಗಳಿಗೆ ಅವರು ಬಳಸುವ ಹೆಸರುಗಳು, ಕನ್ನಡವಿರಲಿ ತೆಲುಗಿರಲಿ, ಹಾಗೆಯೇ ಉಳಿಯಬೇಕು. ಈ ಸಾಮಗ್ರಿ ಇಲ್ಲದೆ ಹೊರಟವರು ಅಲ್ಲಿಯ ಹಾಡುಗಳ ಮೇಲೆ ಅಲ್ಲಿಯವರು ನಡೆಸಿದ ಪ್ರಯೋಗಗಳನ್ನು ಕಲಿತು ಬರಬಹುದೇ ಹೊರತು ನಮ್ಮ ಪ್ರಶ್ನೆಗಳಿಗೆ ಉತ್ತರ ತರಲಾರರು.

ಎರಡನೆಯ ಹಂತ ಪ್ರಯೋಗಾಲಯದ್ದು. ಅಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ನಾಲ್ಕು ಸಂಗತಿಗಳು: ಭಾಗವಹಿಸುವವರನ್ನು ಪೂರ್ವಗ್ರಹವಿಲ್ಲದೆ ಗುಂಪುಗಳಾಗಿ ವಿಂಗಡಿಸುವ ಕ್ರಮ, ಪಣದ ವೇಗವನ್ನು ನಿಖರವಾಗಿ ದಾಖಲಿಸುವ ಗಣಕ ವಿಧಾನ, ದೇಹದ ಪ್ರತಿಕ್ರಿಯೆಯನ್ನು ಅಳೆಯುವ ಉಪಕರಣಗಳ ಬಳಕೆ ಮತ್ತು ನೈತಿಕ ಕಟ್ಟುಪಾಡುಗಳು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಜೂಜಿನ ಚಟವಿರುವವರನ್ನು ಇಂತಹ ಪ್ರಯೋಗಕ್ಕೆ ಒಡ್ಡಬಾರದು. ಭಾಗವಹಿಸುವವರಿಗೆ ಉದ್ದೇಶವನ್ನು ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಯಾವ ಹಂತದಲ್ಲಾದರೂ ಹಿಂದೆ ಸರಿಯುವ ಹಕ್ಕು ಅವರಿಗಿರಬೇಕು.

ಮೂರನೆಯ ಹಂತ ಮರಳಿದ ಮೇಲಿನದು. ಇಲ್ಲಿ ಹಣದ ಪಣವಿಟ್ಟು ಪ್ರಯೋಗ ನಡೆಸುವುದು ಕಾನೂನಿಗೂ ವಿವೇಕಕ್ಕೂ ಒಗ್ಗದು. ಅಂಕಗಳನ್ನಷ್ಟೇ ಬಳಸುವ ಆಟವೊಂದನ್ನು ರೂಪಿಸಿ, ನಿಶ್ಶಬ್ದ, ವಿಳಂಬ ಗತಿಯ ಭಜನೆ, ದ್ರುತ ಗತಿಯ ತಮಟೆ ಎಂಬ ಮೂರು ಸ್ಥಿತಿಗಳಲ್ಲಿ ವೇಗವನ್ನು ಹೋಲಿಸಬಹುದು. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಕೇಳುಗರಿಗೆ ತಮಟೆ ಕೇವಲ ವೇಗವಲ್ಲ, ಅದಕ್ಕೆ ಹಬ್ಬದ ಅಥವಾ ಸಾವಿನ ಅರ್ಥವಿದೆ. ಭಜನೆಗೆ ಭಕ್ತಿಯ ಅರ್ಥವಿದೆ. ಫಲಿತಾಂಶದಲ್ಲಿ ಕಾಣುವ ವ್ಯತ್ಯಾಸ ವೇಗದಿಂದ ಬಂದದ್ದೋ ಅರ್ಥದಿಂದ ಬಂದದ್ದೋ ಎಂದು ತಿಳಿಯಬೇಕಾದರೆ ಒಂದೇ ಗತಿಯ ಎರಡು ಬಡಿತಗಳನ್ನು, ಒಂದು ಹಬ್ಬದ್ದು ಇನ್ನೊಂದು ಶವಯಾತ್ರೆಯದು, ಎದುರು ಬದುರು ಇಟ್ಟು ನೋಡಬೇಕು. ವಿದೇಶದ ಅಧ್ಯಯನಗಳಿಗೆ ನಾವು ಸೇರಿಸಬಹುದಾದ ಹೊಸ ಪ್ರಶ್ನೆ ಇದು. ಇಲ್ಲಿನ ಕ್ಷೇತ್ರವನ್ನು ಬಲ್ಲವರಿಗೇ ಇದು ಹೊಳೆಯುತ್ತದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮರಳಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸುವ ಸಮಿತಿಯನ್ನು ರಚಿಸಿದರು. ಲಲಿತಕಲೆಗಳಲ್ಲೂ ಅವರಿಗೆ ಆಳವಾದ ಆಸಕ್ತಿಯಿತ್ತು. ಬೆಂಗಳೂರು ಲಲಿತಕಲಾ ಪರಿಷತ್ತು ಅವರು ಕಟ್ಟಿದ ಸಂಸ್ಥೆ. ಕಲೆಯ ಮೇಲಿನ ಪ್ರೀತಿ ಮತ್ತು ಪ್ರಮಾಣವಿಲ್ಲದೆ ಒಪ್ಪದ ಬುದ್ಧಿ ಇವೆರಡೂ ಒಬ್ಬರಲ್ಲೇ ಇರಬಲ್ಲವು ಎಂಬುದಕ್ಕೆ ಇದೇ ನೆಲದ ನಿದರ್ಶನ ಅವರು. ಸಂಗೀತ ಮತ್ತು ಜೂಜಿನ ಅಧ್ಯಯನಕ್ಕೆ ಬೇಕಾದುದೂ ಈ ಎರಡು ಗುಣಗಳೇ.

8. ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ನಾದ ಜೂಜಿನ ಕೈಯನ್ನು ಚುರುಕುಗೊಳಿಸಬಲ್ಲದು, ಸೋಲನ್ನು ಗೆಲುವೆಂದು ಕೇಳಿಸಬಲ್ಲದು, ಸೋಲನ್ನು ಸೋಲೆಂದೇ ತಿಳಿಸಲೂ ಬಲ್ಲದು. ಮೊದಲೆರಡು ಕೆಲಸಗಳನ್ನು ಜೂಜಿನ ಉದ್ಯಮ ತನ್ನ ಲಾಭಕ್ಕೆ ಬಳಸಿಕೊಂಡಿದೆ. ಮೂರನೆಯದನ್ನು ನಮ್ಮ ಜನಪದರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ವಿದೇಶದ ಪ್ರಯೋಗಾಲಯದಲ್ಲಿ ಅಳತೆಯ ವಿಧಾನವಿದೆ, ಚಿಕ್ಕಬಳ್ಳಾಪುರ ಸೀಮೆಯ ಊರುಗಳಲ್ಲಿ ಅಳೆಯಬೇಕಾದ ಸಾಮಗ್ರಿಯಿದೆ. ಇವೆರಡನ್ನೂ ಕೂಡಿಸುವುದು ಇಂತಹ ಭೇಟಿಯ ಸಾರ್ಥಕ್ಯ.

ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಕೇಳಿಕೆಯ ಭಾಗವತರು, ತಮಟೆಯ ಬಡಿತಗಳ ಭೇದವನ್ನು ಬಲ್ಲ ಹಿರಿಯರು ವಿರಳವಾಗುತ್ತಿದ್ದಾರೆ. ಮೊಬೈಲ್ ಆಟಗಳ ಗಂಟೆಯ ನಾದವಾದರೋ ಎಳೆಯರ ಕಿವಿಯಲ್ಲಿ ದಿನದಿನಕ್ಕೆ ನೆಲೆಯಾಗುತ್ತಿದೆ. ಧ್ವನಿಮುದ್ರಣದ ಕೆಲಸವನ್ನಾದರೂ ಅಕಾಡೆಮಿಗಳು ಮತ್ತು ವಿಶ್ವವಿದ್ಯಾಲಯಗಳು ತಡಮಾಡದೆ ಕೈಗೊಳ್ಳಬೇಕು. ಪ್ರಯೋಗ ಮುಂದೆಯೂ ಆಗಬಹುದು. ಬಡಿತ ಬಲ್ಲವರು ಹೋದ ಮೇಲೆ ಸಾವಿನ ಬಡಿತ ಯಾವುದು, ಹಬ್ಬದ ಬಡಿತ ಯಾವುದು ಎಂದು ಹೇಳಿಕೊಡುವವರು ಸಿಗಲಾರರು.